ಟರ್ಕಿಯಲ್ಲಿ ನನ್ನ ಮೊಸಾಯಿಕ್ ಪಾಠ

ಕೆಲವರಿಗೆ ಜನ್ಮವಿಡೀ ಹೇಳಿಕೊಳ್ಳುವಂಥದ್ದು ಒಂದೂ ಆಗುವುದಿಲ್ಲ. ನನಗೆ ಹಾಗಲ್ಲ. ನಾನು ಚಾ ಕುಡಿಯಲು ಹೊರಟರೂ ಏನಾದರೊಂದು ಆಗಿಯೇ ಆಗುತ್ತದೆ. ನಾನಾಗಿ ಏನೂ ಮಾಡುವುದಿಲ್ಲ, ಅದೇ ಬಂದು ನನ್ನ ಕಾಲಿಗೆ ತೊಡರುತ್ತದೆ.

ಮೊದಲು ನಾನು ಯಾರು ಅಂತ ಹೇಳುತ್ತೇನೆ. ಬಂಟ್ವಾಳದಿಂದ ಆ ಕಡೆ ಮೂಡಬಿದ್ರೆಯವರೆಗೆ, ಈ ಕಡೆ ಬೆಳ್ತಂಗಡಿಯವರೆಗೆ, ಒಂದು ಕಾಲದಲ್ಲಿ ಮೊಸಾಯಿಕ್ ನೆಲ ಎಂದರೆ ನಾನು. ಟೈಲ್ಸ್ ಬಂದ ಮೇಲೆ ಹುಟ್ಟಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಬಣ್ಣದ ಕಲ್ಲಿನ ಚಿಪ್ಸನ್ನು ಬಿಳಿ ಸಿಮೆಂಟಿನಲ್ಲಿ ಕಲಸಿ ನೆಲಕ್ಕೆ ಹಾಸುವುದು, ಒಂದು ವಾರ ನೀರು ಕುಡಿಸುವುದು, ಮತ್ತೆ ಮೆಷಿನ್ ಇಟ್ಟು ತಿಕ್ಕಿ ತಿಕ್ಕಿ ಕನ್ನಡಿ ಮಾಡುವುದು. ಶಾಲೆಗೆ ನಾನು ಎರಡನೇ ಕ್ಲಾಸಿನವರೆಗೆ ಮಾತ್ರ ಹೋದವ. ಆದರೆ ಮೂಡಬಿದ್ರೆಯಲ್ಲಿ ಒಂದು ಮನೆಗೆ ನಾನು ಹಾಕಿದ ನೆಲದ ಬಗ್ಗೆ ಇಂಜಿನಿಯರುಗಳೂ ಮೂಗಿನ ಮೇಲೆ ಬೆರಳಿಟ್ಟಿದ್ದಾರೆ. ಆ ಮನೆಯ ಬೆಕ್ಕು ನೆಲದಲ್ಲಿ ತನ್ನದೇ ಮುಖ ನೋಡಿ, ಬೇರೆ ಬೆಕ್ಕು ಬಂದಿದೆ ಅಂತ ಮೂರು ದಿನ ಜಗಳ ಮಾಡಿತು. ನಾಲ್ಕನೇ ದಿನ ಸೋತು ಮನೆ ಬಿಟ್ಟು ಹೋಯಿತು. ಮಟ್ಟ ಎಂದರೆ ಎಂಥ ಮಟ್ಟ! ಮನೆಯ ಮುಂಭಾಗದ ಚಾವಡಿಯ ನಡುವೆ ಒಂದು ಗೋಲಿ ಇಟ್ಟು, ಹೋಗಿ ಊಟ ಮಾಡಿ ಒಂದು ನಿದ್ದೆ ತೆಗೆದು ಬಂದರೆ ಗೋಲಿ ಇಟ್ಟಲ್ಲಿಯೇ ಉಂಟು.

ಈಗ ಆ ಮನೆ ಇಲ್ಲ, ಅಲ್ಲಿ ಅಂಗಡಿ ಸಾಲು ಎದ್ದಿದೆ. ಯಜಮಾನರು ತೀರಿಹೋದರು. ಬೆಕ್ಕು ಮೊದಲೇ ಹೋಗಿತ್ತು. ಉಳಿದ ಸಾಕ್ಷಿ ನನ್ನ ಭಾವ ಒಬ್ಬ, ಹೆಂಡತಿಯ ಅಣ್ಣ, ಬೆಳ್ತಂಗಡಿಯವ. ಆ ನೆಲಕ್ಕೆ ಮೆಷಿನ್ ತಿಕ್ಕಿದ್ದು ಅವನೇ. ಹಾಗಾಗಿ ನನ್ನ ಬಾಕಿ ಎಲ್ಲ ಮಾತಿಗೆ "ಲೊಟ್ಟೆ, ಬರೀ ಸುಳ್ಳು" ಅನ್ನುವ ಭಾವ, ಇದೊಂದಕ್ಕೆ ಮಾತ್ರ "ಹೌದು ಹೌದು" ಅನ್ನುತ್ತಾನೆ.

೧. ಮೀಸೆಗೆ ಎದುರು ಬಾಯಿ

ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹೋಟೆಲು. ಬೆಳಿಗ್ಗೆ ಹತ್ತಕ್ಕೆ ಅಲ್ಲಿ ನಮ್ಮ ಮೇಜು ತುಂಬುತ್ತದೆ. ನಾನು, ಬಸ್ಸು ಹಿಡಿದು ಬರುವ ಭಾವ, ಫರಂಗಿಪೇಟೆಯ ಅಡಿಕೆ ವ್ಯಾಪಾರದ ಬ್ಯಾರಿ, ಮತ್ತು ಗಿರಾಕಿ ಕಡಿಮೆ ಇದ್ದರೆ ಹೋಟೆಲಿನ ಧಣಿಯೂ. ಡಾಕ್ಟರು ನನಗೆ ಸಕ್ಕರೆ ಬಿಡಿಸಿದರು, ಬೀಡಿ ಬಿಡಿಸಿದರು. ಮನೆಯಲ್ಲಿ ನಾನು ಬಾಯಿ ತೆರೆದರೆ ಹೆಂಡತಿ ಮಿಕ್ಸಿ ಹಾಕುತ್ತಾಳೆ. ಇನ್ನು ನನಗೆ ಉಳಿದ ಸುಖ ಆ ಮೇಜಿನಲ್ಲಿ ಕೂತು ಎರಡು ಮಾತಾಡುವುದು ಒಂದೇ.

ಒಂದು ದಿನ ಅಲ್ಲಿ ಕೂತಿರುವಾಗಲೇ ದುಬೈಯಿಂದ ಮಗಳ ಫೋನು. ಅವಳು ಅಲ್ಲಿ ನರ್ಸು.

"ಅಪ್ಪ, ನೀವೂ ಅಮ್ಮನೂ ಇಲ್ಲಿಗೆ ಬನ್ನಿ. ಒಟ್ಟಿಗೆ ನಾಲ್ಕು ದಿನ ಟರ್ಕಿಗೆ, ಇಸ್ತಾಂಬುಲ್‌ಗೆ ಹೋಗುವ. ಅಲ್ಲಿ ಒಂದು ಮೊಸಾಯಿಕ್ ಕ್ಲಾಸ್ ಉಂಟು. ನಿಮ್ಮ ಹೆಸರು ಕೊಟ್ಟಿದ್ದೇನೆ."

ಫೋನ್ ಇಟ್ಟು ನಾನು ಎದೆ ಸ್ವಲ್ಪ ಮುಂದೆ ತಂದು ಕೂತೆ. ಮೊಸಾಯಿಕ್ ಕ್ಲಾಸಿಗೆ ನನ್ನ ಹೆಸರು ಹೋಗಿದೆ ಎಂದರೆ ಕಲಿಸಲಿಕ್ಕೆ ಅಲ್ಲದೆ ಮತ್ತೆ ಎಂತದ್ದಕ್ಕೆ? ನಲವತ್ತು ವರ್ಷ ನೆಲ ಹಾಕಿದವ ಕಲಿಯಲಿಕ್ಕೆ ಹೋಗುತ್ತಾನಾ?

"ಟರ್ಕಿಯವರಿಗೆ ಮೊಸಾಯಿಕ್ ಕಲಿಸಲಿಕ್ಕೆ ನನ್ನನ್ನು ಕರೆದಿದ್ದಾರೆ," ಅಂದೆ.

ಭಾವ ಚಾದ ಗ್ಲಾಸು ಕೆಳಗಿಟ್ಟ. "ನಿನ್ನನ್ನಾ? ಲೊಟ್ಟೆಗೂ ಒಂದು ಮಟ್ಟ ಬೇಡವಾ ಮಾರಾಯ? ನೀನು ಕಲಿಸಿದೆ ಅಂತ ಕಾಗದದಲ್ಲಿ ಬರೆಸಿಕೊಂಡು ಬಾ. ಈ ಮೀಸೆ ಬೋಳಿಸುತ್ತೇನೆ."

ಭಾವನ ಮೀಸೆ ಅವನ ಮದುವೆಗಿಂತಲೂ ಹಳೆಯದು. ಅವನ ಹೆಂಡತಿ ಇವತ್ತಿನವರೆಗೆ ಅವನ ಮೇಲ್ತುಟಿ ನೋಡಿಲ್ಲ.

"ತರದಿದ್ದರೆ?" ಬ್ಯಾರಿ ಕೇಳಿದರು.

"ತರದಿದ್ದರೆ ಒಂದು ವರ್ಷ ಇವ ಈ ಹೋಟೆಲಿನಲ್ಲಿ ಬಾಯಿ ತೆರೆಯಬಾರದು. ಚಾ ಕುಡಿಯಲಿಕ್ಕೆ ಮಾತ್ರ ತೆರೆಯಬಹುದು."

"ಗೋಳಿಬಜೆಗೆ?" ಧಣಿ ವ್ಯಾಪಾರದ ಮನುಷ್ಯ, ಅವರಿಗೆ ಆ ಚಿಂತೆ.

"ಗೋಳಿಬಜೆಗೂ ತೆರೆಯಬಹುದು. ಮಾತಿಗೆ ಮಾತ್ರ ಇಲ್ಲ."

ನಾನು "ಆಯ್ತು" ಅಂದೆ. ಅಂದದ್ದೇ ತಡ, ನಾಲ್ಕೂ ಮೇಜಿನವರು ಎದ್ದು ಬಂದು ನನ್ನ ಕೈ ಕುಲುಕಿದರು. ನಾನು ಗೆಲ್ಲಲಿ ಅಂತ ತಿಳಿದೆ. ಧಣಿ ಮತ್ತೆ ಹೇಳಿದರು, ಅವರೆಲ್ಲ ಬೇಡಿಕೊಂಡದ್ದು ಆ ಒಂದು ವರ್ಷದ ಶಾಂತಿಗೆ ಅಂತೆ.

೨. ಎರಡು ನೂಲು

ಕಲಿಸಲಿಕ್ಕೆ ಹೋಗುವವ ಕೈ ಬೀಸಿಕೊಂಡು ಹೋಗಲಿಕ್ಕೆ ಆಗುತ್ತದಾ? ನಾನು ಕೈಚೀಲದಲ್ಲಿ ಕರಣೆ, ಒಂದು ಸಾಣೆಕಲ್ಲು ಮತ್ತು ನನ್ನ ಹಳೆಯ ರಸಮಟ್ಟ ಇಟ್ಟುಕೊಂಡೆ. ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಚೀಲ ಮೆಷಿನಿನೊಳಗೆ ಹೋಯಿತು, ಹೊರಗೆ ಬಂದದ್ದು ಒಬ್ಬ ಆಫೀಸರ ಒಟ್ಟಿಗೆ.

ಕರಣೆ ತೆಗೆದಿಟ್ಟರು. ಸಾಣೆಕಲ್ಲು ತೆಗೆದಿಟ್ಟರು. ರಸಮಟ್ಟವನ್ನು ಬೆಳಕಿಗೆ ಹಿಡಿದು ಕೇಳಿದರು, "ಇದರ ಒಳಗೆ ನೀರು ಉಂಟಲ್ಲ?"

"ನೀರು ನೋಡಬೇಡಿ ಸಾರ್, ಗುಳ್ಳೆ ನೋಡಿ," ಅಂದೆ. ಅಂದು, ಅವರ ಕೈಯಿಂದ ತೆಗೆದು ಅವರದ್ದೇ ಮೇಜಿನ ಮೇಲೆ ಇಟ್ಟೆ. ಗುಳ್ಳೆ ಓಡಿ ಹೋಗಿ ಒಂದು ಕಡೆ ಕೂತಿತು.

"ನೋಡಿದಿರಾ? ನಿಮ್ಮ ಮೇಜು ಈ ಕಡೆಗೆ ಎರಡು ನೂಲು ಇಳಿದಿದೆ."

ಎರಡು ನೂಲು ಎಂದರೆ ಕಾಲಿಂಚು. ಆಫೀಸರು ಬಗ್ಗಿ ನೋಡಿದರು. ಹಿಂದಿನಿಂದ ಹೆಂಡತಿ ನನ್ನ ಅಂಗಿ ಎಳೆಯುತ್ತಾ, "ಸುಮ್ಮನಿರಿ ಮಾರಾಯ್ರೆ, ನಮ್ಮನ್ನು ಇಲ್ಲಿಯೇ ಇಳಿಸಿ ಬಿಡುತ್ತಾರೆ," ಅನ್ನುತ್ತಿದ್ದಳು. ವಿಮಾನ ಹತ್ತುವ ಮೊದಲೇ ಇಳಿಸುವುದು ಹೇಗೆ ಅಂತ ನಾನು ಅವಳಿಗೆ ಹೇಳಲಿಲ್ಲ.

ಆಫೀಸರು ಒಂದು ಕಾಗದ ನಾಲ್ಕು ಮಡಿಕೆ ಮಾಡಿ ಮೇಜಿನ ಕಾಲಿನ ಅಡಿಗೆ ಇಟ್ಟರು. ಗುಳ್ಳೆ ನಡುವಿಗೆ ಬಂತು. "ಎಷ್ಟು ದಿನದಿಂದ ನನ್ನ ಪೆನ್ನು ಉರುಳಿ ಬೀಳುತ್ತಿತ್ತು ಗೊತ್ತುಂಟಾ?" ಅಂತ ಹೇಳಿ, ರಸಮಟ್ಟವನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಅವರು ಎದ್ದು ನಿಂತು ಸೆಲ್ಯೂಟ್ ಹೊಡೆದರು ಅಂತ ನಾನು ಹೋಟೆಲಿನಲ್ಲಿ ಹೇಳಿದ್ದುಂಟು. ಎದ್ದು ನಿಂತದ್ದು ಸತ್ಯ. ಮೇಜು ಎತ್ತುವಾಗ ಯಾರಾದರೂ ಕೂತುಕೊಂಡು ಎತ್ತುತ್ತಾರಾ?

೩. ನೀರು ಕುಡಿಸಿದ್ದು

ಇಸ್ತಾಂಬುಲ್‌ನಲ್ಲಿ ಒಂದು ಓಣಿ, ಓಣಿಯಲ್ಲಿ ಒಂದು ಅಂಗಡಿ, ಅಂಗಡಿಯ ಮಾಳಿಗೆಯಲ್ಲಿ ಕ್ಲಾಸು. ನಡುವೆ ಒಂದು ದೊಡ್ಡ ಮೇಜು, ಕಿಟಕಿಯ ಹತ್ತಿರ ಒಂದು ತಗ್ಗು ಮೇಜು. ದೊಡ್ಡ ಮೇಜಿಗೆ ನಾನು, ಹೆಂಡತಿ, ಮಗಳು, ಮತ್ತೆ ಯಾವುದೋ ಊರಿನ ಉದ್ದುದ್ದದ ಗಂಡಹೆಂಡತಿ. ಕಲಿಸುವವಳು ಎಂದು ಹೇಳಿಕೊಂಡು ಒಬ್ಬಳು ನಗುಮುಖದ ಹೆಂಗಸು ಬಂದಳು. ಪಾಪ, ನಾನು ಬರುವುದು ಅವಳಿಗೆ ಗೊತ್ತಿರಲಿಲ್ಲ.

ಅವಳು ಒಬ್ಬೊಬ್ಬರಿಗೂ ತೆಂಗಿನಕಾಯಿ ಗಾತ್ರದ ಒಂದು ಗಾಜಿನ ಬುಡ್ಡೆ ಕೊಟ್ಟಳು. ಬಣ್ಣಬಣ್ಣದ ಗಾಜಿನ ಚೂರು ತುಂಬಿದ ತಟ್ಟೆ ಇಟ್ಟಳು. ಒಂದು ಡಬ್ಬದಲ್ಲಿ ಹಾಲಿನ ಹಾಗೆ ಬೆಳ್ಳಗೆ ಅಂಟು.

"ಸಿಮೆಂಟ್ ಎಲ್ಲಿ ಅಂತ ಕೇಳು," ಮಗಳಿಗೆ ಹೇಳಿದೆ.

"ಅಪ್ಪ, ಇದು ದೀಪ. ಬುಡ್ಡೆಗೆ ಚೂರು ಅಂಟಿಸಬೇಕು, ಒಳಗೆ ಬಲ್ಬ್ ಬರುತ್ತದೆ."

"ಮತ್ತೆ ತಿಕ್ಕುವ ಮೆಷಿನು?"

"ಅಪ್ಪ, ಸುಮ್ಮನೆ ಅಂಟಿಸಿ."

ಒಂದೊಂದೇ ಚೂರು ಚಿಮಟಿಯಲ್ಲಿ ಎತ್ತಿ ಇಡುವುದಂತೆ! ಈ ಲೆಕ್ಕದಲ್ಲಿ ಒಂದು ಚಾವಡಿಯ ನೆಲ ಮುಗಿಯುವಾಗ ಮನೆಯ ಮಕ್ಕಳಿಗೆ ಮೊಮ್ಮಕ್ಕಳಾಗಿರುತ್ತಾರೆ. ನಾನು ಎರಡು ಹಿಡಿ ಚೂರು ತೆಗೆದು, ಒಂದು ಹಿಡಿಯಷ್ಟು ಅಂಟು ಹಾಕಿ, ತಟ್ಟೆಯಲ್ಲಿಯೇ ಕಲಸಿ, ಬುಡ್ಡೆಗೆ ಪಟಪಟ ಬಡಿದೆ. ಐದು ನಿಮಿಷದಲ್ಲಿ ನನ್ನದು ಮುಗಿಯಿತು. ಟೀಚರಮ್ಮ ನೋಡಿ ಎರಡೂ ಕೈ ಮಂಡೆಯ ಮೇಲೆ ಇಟ್ಟುಕೊಂಡಳು. ಮೆಚ್ಚಿಕೆಗೆ ಹಾಗಾಗುತ್ತದೆ.

ಆಮೇಲೆ ಅವಳ ಕಣ್ಣು ನನ್ನ ಹೆಂಡತಿಯ ಮೇಲೆ ಬಿತ್ತು. ಮೂವತ್ತು ವರ್ಷ ಬೀಡಿ ಕಟ್ಟಿದ ಬೆರಳು. ಎಲೆ ಮಡಚಿ ನೂಲು ಸುತ್ತಿದ ಹಾಗೆಯೇ, ಕಣ್ಣು ಬೇರೆ ಕಡೆ ಇದ್ದರೂ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಕೆಂಪು, ಹಳದಿ, ಕೆಂಪು, ಹಳದಿ, ಸಾಲು ಒಂದು ಕೂದಲಿನಷ್ಟೂ ಸೊಟ್ಟ ಇಲ್ಲ. ಟೀಚರಮ್ಮ ಅವಳ ಕೈಯ ಫೋಟೋ ತೆಗೆದಳು. ನನ್ನ ಕೈಯ ಫೋಟೋ ತೆಗೆಯಲಿಲ್ಲ, ಅಂಟು ಮೆತ್ತಿ ಹೋಗಿತ್ತಲ್ಲ.

ಅಷ್ಟರಲ್ಲಿ ಟೀಚರಮ್ಮ ಚಾ ತರಲು ಕೆಳಗೆ ಇಳಿದಳು. ಮಗಳಿಗೆ ಅವಳ ಗಂಡನ ಫೋನು, ಅವಳೂ ಹೊರಗೆ. ಹೆಂಡತಿ ಕಿಟಕಿಯಲ್ಲಿ ಹಡಗು ನೋಡಲು ಹೋದಳು, ಉದ್ದುದ್ದದವರೂ ಹಿಂದೆಯೇ ಹೋದರು. ನಾನು ಸುಮ್ಮನೆ ಕೂತು ಐದೂ ಬುಡ್ಡೆ ನೋಡಿದೆ. ಯಾರೂ ನೀರು ಕುಡಿಸಿಲ್ಲ! ಹಾಕಿದ ಮೊಸಾಯಿಕ್‌ಗೆ ನೀರು ಬೀಳದಿದ್ದರೆ ಬಿರುಕು ಬಿಡುತ್ತದೆ, ಇದು ನಮ್ಮಲ್ಲಿ ಮಣ್ಣು ಹೊರುವವನಿಗೂ ಗೊತ್ತು. ನನ್ನದಕ್ಕೆ ಮಾತ್ರ ಕುಡಿಸಿ ಕೂರಲು ನಾನು ಅಷ್ಟು ಸ್ವಾರ್ಥಿಯಲ್ಲ. ಮೇಜಿನ ಮೇಲೆ ಇದ್ದ ದೊಡ್ಡ ಬಾಟಲಿ ತೆಗೆದು, ಐದಕ್ಕೂ ಮಂಡೆಯ ಮೇಲಿನಿಂದ ಸಮಾ ಸುರಿದೆ.

ಮೊದಲು ಒಂದು ನೀಲಿ ಚೂರು ಜಾರಿತು. ನಾನು ಬೆರಳಿನಲ್ಲಿ ಒತ್ತಿ ಹಿಡಿದೆ. ಈ ಕಡೆಯಿಂದ ಎರಡು ಹಳದಿ ಇಳಿದವು. ಮತ್ತೆ ಒಟ್ರಾಶಿ ಎಲ್ಲ, ಶಾಲೆ ಬಿಟ್ಟ ಮಕ್ಕಳ ಹಾಗೆ, ಗದ್ದಲ ಮಾಡಿಕೊಂಡು ಇಳಿದು ಮೇಜಿನ ಮೇಲೆ ಹರಡಿದವು. ಐದು ಬುಡ್ಡೆ ಬೋಳು ಮಂಡೆಯ ಹಾಗೆ ಹೊಳೆಯುತ್ತಾ ಕೂತವು.

ಹೆಂಡತಿ ತಿರುಗಿ ನೋಡಿದಳು. "ನಿಮ್ಮ ಮಂಡೆ ಸಮ ಉಂಟಾ ಮಾರಾಯ್ರೆ!"

"ಅಂಟು ಕಳಪೆ," ಅಂದೆ. "ಮೂಡಬಿದ್ರೆಯಲ್ಲಿ ಇಪ್ಪತ್ತು ಕೊಡಪಾನ ಸುರಿದಿದ್ದೇನೆ. ಒಂದು ಚಿಪ್ಸ್ ಅಲುಗಿತಾ ಕೇಳು ನಿನ್ನ ಅಣ್ಣನ ಹತ್ತಿರ."

ಟೀಚರಮ್ಮ ಚಾದ ತಟ್ಟೆ ಹಿಡಿದುಕೊಂಡು ಮೆಟ್ಟಿಲಿನ ಮೇಲೆ ನಿಂತಿದ್ದಳು, ಹಿಂದೆ ಮಗಳು. ಆ ಹೊತ್ತಿಗೆ ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಮಗಳು ಇವತ್ತಿನವರೆಗೂ ಕನ್ನಡ ಮಾಡಿ ಹೇಳಿಲ್ಲ. ಟರ್ಕಿ ಭಾಷೆ ಬರುವುದಿಲ್ಲ ಅನ್ನುತ್ತಾಳೆ. ನನಗೂ ಬರುವುದಿಲ್ಲ, ಆದರೆ ಅರ್ಥ ಆಯಿತು.

೪. ತಗ್ಗು ಮೇಜು

ಇಷ್ಟಾದ ಮೇಲೆ ಟೀಚರಮ್ಮನಿಗೆ ನನ್ನ ಯೋಗ್ಯತೆ ಗೊತ್ತಾಯಿತು. ನನ್ನನ್ನು ಕೈ ಹಿಡಿದು ಎಬ್ಬಿಸಿ, ಕಿಟಕಿಯ ಹತ್ತಿರದ ಮೇಜಿಗೆ ಕರೆದುಕೊಂಡು ಹೋಗಿ, ಬೇರೆಯೇ ಕೂರಿಸಿದಳು. ಮೇಜು ಸ್ವಲ್ಪ ತಗ್ಗು. ಕುರ್ಚಿಯೂ ಸ್ವಲ್ಪ ತಗ್ಗು. ಕೂತರೆ ನನ್ನ ಮೊಣಕಾಲು ಕಿವಿಗೆ ತಾಗುತ್ತಿತ್ತು. ಅಲ್ಲಿಗೆ ನಾಲ್ಕು ಮಂದಿ ಶಿಷ್ಯರು ಬಂದು ಕೂತರು. ಎಲ್ಲರೂ ಸಣ್ಣ ಪ್ರಾಯದವರು, ಒಬ್ಬಳಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ. ಈಗ ನೀವೇ ಹೇಳಿ, ಒಂದು ಮೇಜು, ನಾಲ್ಕು ಮಕ್ಕಳು, ಒಬ್ಬ ದೊಡ್ಡವ. ಆ ದೊಡ್ಡವನಿಗೆ ಎಂತ ಹೇಳುತ್ತಾರೆ? ಮಾಸ್ಟ್ರು ಅಂತಲೇ ಅಲ್ವಾ?

ಅಲ್ಲಿ ಬುಡ್ಡೆ ಇಲ್ಲ, ಅಂಗೈಯಗಲದ ಹಲಗೆ. ಅದರ ಮೇಲೆ ಟೈಲ್ಸಿನ ಚೂರು ಅಂಟಿಸಿ ಮೀನು ಮಾಡಬೇಕು. ನೆಲದ ಹಾಗೆಯೇ ಚಪ್ಪಟೆ ಕೆಲಸ. ನನಗೆ ಜೀವ ಬಂತು. ಮೊದಲು ರಸಮಟ್ಟ ಇಟ್ಟು ಮೇಜು ನೋಡಿದೆ. ಮಕ್ಕಳಿಗೆ ಆ ಗುಳ್ಳೆ ನೋಡಿ ಎಂಥ ಗಮ್ಮತ್ತು! ನಾಲ್ವರೂ ಸರದಿಯಲ್ಲಿ ತಮ್ಮ ತಮ್ಮ ಮಂಡೆಯ ಮೇಲೆ ಇಡಿಸಿಕೊಂಡು ನೋಡಿದರು. ಹಲ್ಲಿಲ್ಲದವಳ ಮಂಡೆ ಒಂದೇ ಮಟ್ಟ ಇದ್ದದ್ದು.

ಮೀನು ಆಯಿತು, ಕಣ್ಣಿಗೆ ಉರುಟು ಚೂರು ಬೇಕು. ತಟ್ಟೆಯಲ್ಲಿ ಇದ್ದದ್ದೆಲ್ಲ ಚೌಕ. ಹಲ್ಲಿಲ್ಲದವಳು ಚೌಕ ಕಣ್ಣು ಇಟ್ಟು ನೋಡಿದಳು, ಅವಳ ಮೀನು ಕನ್ನಡಕ ಹಾಕಿದ ಹಾಗೆ ಕಂಡಿತು, ಅವಳ ಮುಖ ಸಣ್ಣದಾಯಿತು. ನಾನು ಇಕ್ಕುಳ ತೆಗೆದುಕೊಂಡು ಒಂದು ಕಪ್ಪು ಚೂರಿನ ಅಂಚನ್ನು ಟಕ್ ಟಕ್ ಟಕ್ ಅಂತ ಕಚ್ಚಿಸುತ್ತಾ ಬಂದೆ. ನಲವತ್ತು ವರ್ಷದ ಕೈ. ಚೂರು ಕಾಳುಮೆಣಸಿನ ಹಾಗೆ ಉರುಟಾಯಿತು. ಅವಳ ಮೀನಿಗೆ ಇಟ್ಟೆ. ಮೀನು ಅವಳನ್ನೇ ನೋಡಿತು. ಅವಳು ಚಪ್ಪಾಳೆ ತಟ್ಟಿದಳು, ಬಾಕಿ ಮೂವರೂ "ನನಗೆ, ನನಗೆ" ಅಂತ ಮೈಮೇಲೆ ಬಿದ್ದರು. ಹೇಗೆ ಕಚ್ಚಿಸುವುದು ಅಂತ ಅವರ ಕೈಯಲ್ಲಿಯೇ ಮಾಡಿಸಿದೆ. ಇದು ಲೊಟ್ಟೆಯಲ್ಲ. ಬೇಕಾದರೆ ಹೆಂಡತಿಯ ಹತ್ತಿರ ಕೇಳಿ.

ಸದ್ದು ಕೇಳಿ ಟೀಚರಮ್ಮ ಬಂದಳು. ಆ ಕಣ್ಣನ್ನು ಎತ್ತಿ ನೋಡಿದಳು. ಮತ್ತೆ ನನ್ನನ್ನು ನೋಡಿ "ಉಸ್ತಾ" ಅಂದಳು. ಅಲ್ಲಿಂದ ಮುಂದೆ ನಾನು ಏನು ಮುಟ್ಟಿದರೂ ಅವಳು ಓಡಿ ಬಂದು "ಯವಾಶ್ ಉಸ್ತಾ, ಯವಾಶ್!" ಅನ್ನುತ್ತಿದ್ದಳು. ಉಸ್ತಾ ಎಂದರೆ ನಮ್ಮ ಉಸ್ತಾದ್, ಗುರು. ಯವಾಶ್ ಎಂದರೆ ಶಾಭಾಸ್. ಮಗಳು ಆಮೇಲೆ ಫೋನಿನಲ್ಲಿ ಹುಡುಕಿ, ಯವಾಶ್ ಎಂದರೆ "ನಿಧಾನ" ಅಂತೆ ಅಂದಳು. ಅವಳಿಗೆ ಭಾಷೆ ಏನು ಗೊತ್ತು, ಅವಳು ನರ್ಸು.

ಹೆಂಡತಿ ಅಷ್ಟರಲ್ಲಿ ತನ್ನ ಬುಡ್ಡೆಯನ್ನು ಮೊದಲಿನಿಂದ ಕಟ್ಟಿ ಮುಗಿಸಿದ್ದಳು. ಹೊರಡುವಾಗ ಎಲ್ಲರಿಗೂ ಒಂದೊಂದು ಸರ್ಟಿಫಿಕೇಟು ಕೊಟ್ಟರು. ದೊಡ್ಡ ಮೇಜಿನವರದ್ದು ಬರೀ ಅಕ್ಷರ. ನನ್ನದರ ಮೂಲೆಯಲ್ಲಿ ಬಣ್ಣದ ಆಮೆಯ ಚಿತ್ರವೂ ಇತ್ತು. ಮಗಳು ಅದನ್ನು ಓದಿ, ಗೋಡೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಎಂತ ಬರೆದಿದ್ದಾರೆ?"

"ಒಳ್ಳೆಯದೇ ಬರೆದಿದ್ದಾರೆ ಅಪ್ಪ. ಫ್ರೇಮ್ ಹಾಕಿಸಿ."

ಹಾಕಿಸಿದೆ.

೫. ಸೋಪು

ಊರಿಗೆ ಬಂದ ಮರುದಿನ ಹತ್ತು ಗಂಟೆಗೆ ಹೋಟೆಲಿನ ಮೇಜಿನ ಮೇಲೆ ಫ್ರೇಮ್ ಇಟ್ಟೆ. ಇಂಗ್ಲಿಷು ನಮ್ಮಲ್ಲಿ ಯಾರಿಗೂ ಓದಲು ಬರುವುದಿಲ್ಲ. ಆದರೆ ಬಂಗಾರದ ಅಂಚು, ಕೆಂಪು ಮುದ್ರೆ, ಕೆಳಗೆ ಸಹಿ, ಮೂಲೆಯಲ್ಲಿ ಆಮೆ. ಧಣಿ ಒದ್ದೆ ಕೈ ಒರೆಸಿಕೊಂಡು ಮುಟ್ಟಿ ನೋಡಿದರು.

"ಆಮೆ ಎಂತಕ್ಕೆ?" ಭಾವ ಕೇಳಿದ.

"ಅದು ಅಲ್ಲಿಯ ಸರಕಾರದ್ದು. ನಮ್ಮಲ್ಲಿ ಸಿಂಹ ಇಲ್ವಾ, ಹಾಗೆ."

"ನಿನ್ನನ್ನು ಎಂತ ಅಂತ ಕರೆದರು?"

"ಉಸ್ತಾ."

ಬ್ಯಾರಿ ಮಂಡೆ ಆಡಿಸಿದರು. "ಉಸ್ತಾದ್ ಎಂದರೆ ಕಲಿಸುವವರೇ ಅಲ್ವಾ. ನಮ್ಮ ಮಸೀದಿಯಲ್ಲಿ ಮಕ್ಕಳಿಗೆ ಪಾಠ ಹೇಳುವವರಿಗೆ ನಾವು ಹಾಗೆಯೇ ಹೇಳುವುದು. ಇನ್ನು ಮೀಸೆ ತೆಗೆಯಲಿಕ್ಕೆ ಅಡ್ಡಿ ಇಲ್ಲ."

ತೀರ್ಪು ಆಯಿತು. ಹೋಟೆಲಿನ ಪಕ್ಕವೇ ಸೆಲೂನು, ನಡುವೆ ಒಂದು ಕಿಟಕಿ. ಭಾವ ಹೋಗಿ ಕುರ್ಚಿಯಲ್ಲಿ ಕೂತ. ಕ್ಷೌರಿಕ ಬ್ರಷ್ ತಿರುಗಿಸಿ ತಿರುಗಿಸಿ ಮೀಸೆ ಕಾಣದ ಹಾಗೆ ಸೋಪು ಹಚ್ಚಿದ. ಕತ್ತಿಗೆ ಹೊಸ ಬ್ಲೇಡ್ ಹಾಕಿದ. ಭಾವ ಕಣ್ಣು ಮುಚ್ಚಿಕೊಂಡ.

ಅಲ್ಲಿಗೆ ನಾನು ಸುಮ್ಮನಿದ್ದರೆ ಈ ಕತೆ ಬೇರೆ ಇತ್ತು.

ಮೂಡಬಿದ್ರೆ ಬಸ್ಸು ಇಳಿದು ಒಬ್ಬರು ಪ್ರಾಯ ಆದ ಹೆಂಗಸು ಚಾ ಕುಡಿಯಲು ಒಳಗೆ ಬಂದರು. ಧಣಿ, "ಬನ್ನಿ ಟೀಚರ್," ಅಂತ ಎದ್ದರು. ರಿಟಾಯರ್ ಆದ ಇಂಗ್ಲಿಷ್ ಟೀಚರು ಅಂತ ಗೊತ್ತಾಯಿತು. ನನ್ನ ಬಾಯಿ ನನ್ನ ಕೈಯಲ್ಲಿ ಉಂಟಾ? "ಟೀಚರ್, ಇದನ್ನು ಒಂಚೂರು ದೊಡ್ಡದಾಗಿ ಓದಿ ಹೇಳಿ. ಸೆಲೂನಿಗೂ ಕೇಳಬೇಕು," ಅಂದೆ.

ಅವರು ಕನ್ನಡಕ ಏರಿಸಿದರು. ಒಂದು ಸಲ ಮನಸ್ಸಿನಲ್ಲಿಯೇ ಓದಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೆ ಒಂದೊಂದೇ ಸಾಲು ಕನ್ನಡ ಮಾಡಿ ಓದಿದರು, ಕ್ಲಾಸಿನಲ್ಲಿ ಓದುವ ಹಾಗೆಯೇ, ಸ್ಪಷ್ಟವಾಗಿ:

"ಮಕ್ಕಳ ಮೇಜು. ನಾಲ್ಕರಿಂದ ಎಂಟು ವರ್ಷದವರಿಗೆ. ಈ ಪುಟಾಣಿ ದೊಡ್ಡವರ ಸಹಾಯ ಇಲ್ಲದೆ ತಾನೇ ಒಂದು ಮೀನು ಮಾಡಿದ್ದಾನೆ." ಸ್ವಲ್ಪ ನಿಂತು, "ಕೆಳಗೆ ಪೆನ್ನಿನಲ್ಲಿ ಬೇರೆ ಬರೆದಿದ್ದಾರೆ. ಹತ್ತಿರ ನೀರು ಇಡಬೇಡಿ."

ಸೆಲೂನಿನ ಕುರ್ಚಿ ಬಿದ್ದ ಸದ್ದಾಯಿತು. ಭಾವ ಕುತ್ತಿಗೆಗೆ ಬಟ್ಟೆ, ಮುಖಕ್ಕೆ ಸೋಪು ಸಮೇತ ಒಳಗೆ ಬಂದ. "ಮೀಸೆ ಉಳಿಯಿತು! ಒಂದು ವರ್ಷ! ಇವತ್ತಿನಿಂದ! ಈಗಿನಿಂದ!" ಒಂದೊಂದು ಮಾತಿಗೂ ನೊರೆ ಹಾರಿ ಗೋಳಿಬಜೆಯ ಮೇಲೆ ಬೀಳುತ್ತಿತ್ತು. ಬ್ಯಾರಿ ಮೇಜು ಬಡಿದು ಬಡಿದು ನಗುತ್ತಿದ್ದರು.

ನಾನು ಉತ್ತರ ಕೊಡಲು ಬಾಯಿ ತೆರೆದೆ. ಧಣಿ ಬೆರಳು ತೋರಿಸಿದರು. ಮುಚ್ಚಿದೆ.

ಟೀಚರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. "ನೀವು ಮೂಡಬಿದ್ರೆಯಲ್ಲಿ ನಮ್ಮ ತಂದೆಯ ಮನೆಗೆ ಮೊಸಾಯಿಕ್ ಹಾಕಿದ ಮೇಸ್ತ್ರಿ ಅಲ್ವಾ?"

ಭಾವ ನೊರೆಯ ಒಳಗಿನಿಂದಲೇ ಎದೆ ಉಬ್ಬಿಸಿದ. "ಇವ ಹಾಕಿದ್ದು, ನಾನು ತಿಕ್ಕಿದ್ದು. ಬೆಕ್ಕು ಜಗಳ ಮಾಡಿದ ನೆಲ!"

"ಯಾವ ಬೆಕ್ಕು? ನಮ್ಮಲ್ಲಿ ಇದ್ದದ್ದು ನಾಯಿ."

"ಮತ್ತೆ ಗೋಲಿ? ಚಾವಡಿಯಲ್ಲಿ ಇಟ್ಟರೆ ಇಟ್ಟಲ್ಲಿಯೇ..."

"ಗೋಲಿಯಾ!" ಟೀಚರು ಕನ್ನಡಕ ತೆಗೆದರು. "ಆ ಗೋಲಿಗಳು ನನ್ನವು. ಚಾವಡಿಯಲ್ಲಿ ಬಿಟ್ಟರೆ ಸೀದಾ ದೇವರ ಕೋಣೆಗೆ ಹೋಗಿ ನಿಲ್ಲುತ್ತಿದ್ದವು. ನೆಲ ತೊಳೆದ ನೀರೂ ಅಲ್ಲಿಗೇ ಹೋಗುತ್ತಿತ್ತು. ಮನೆ ಕೆಡವುವವರೆಗೂ ಅಮ್ಮ ದೇವರನ್ನು ಸ್ಟೂಲಿನ ಮೇಲೆ ಇಟ್ಟು ಪೂಜೆ ಮಾಡಿದರು."

ಎಲ್ಲರೂ ನನ್ನನ್ನು ನೋಡಿದರು. ಹೇಳಲಿಕ್ಕೆ ನನಗೆ ಬೇಕಾದಷ್ಟು ಇತ್ತು, ಆದರೆ ಪಂಥ ಪಂಥವೇ. ನಾನು ಬೆರಳೆತ್ತಿ ಭಾವನನ್ನು ತೋರಿಸಿದೆ, ತಿಕ್ಕಿದವ ಅವನಲ್ವಾ. ಆಮೇಲೆ ಧಣಿಯ ಕಿವಿಯ ಮೇಲಿದ್ದ ಪೆನ್ನು ತೆಗೆದುಕೊಂಡೆ, ಗೋಳಿಬಜೆ ಕಟ್ಟುವ ಕಾಗದ ಒಂದು ಹಿಡಿ ಎಳೆದುಕೊಂಡೆ, ಕೂತು ಎರಡನೇ ಕ್ಲಾಸಿನ ಅಕ್ಷರದಲ್ಲಿ ಶುರು ಮಾಡಿದೆ: ಕೆಲವರಿಗೆ ಜನ್ಮವಿಡೀ ಹೇಳಿಕೊಳ್ಳುವಂಥದ್ದು ಒಂದೂ ಆಗುವುದಿಲ್ಲ.

"ಹೋಯ್, ಇದೆಂತ ಮಾಡುವುದು?" ಭಾವ ಕೂಗಿದ. "ಒಂದು ವರ್ಷ ಅಂತ ಅಲ್ವಾ ಮಾತು?"

ಮಾತು ಆದದ್ದು ಬಾಯಿಯ ಬಗ್ಗೆ. ಕೈಯ ಬಗ್ಗೆ ಯಾರು ಎಂತ ಹೇಳಿದ್ದರು? ನಾನು ಭುಜ ಹಾರಿಸಿದೆ.